ಯೂರೋಪಿನಲ್ಲಿ ತೆರಿಗೆ ತಡೆಯೋಕೆ ಒಂದೇ ದೇಶ ಸಾಕು, ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕ ಯಾಕೆ ಸಾಲದು?

ಪಿಜೆ ಬಡಾವಣೆ (ದಾವಣಗೆರೆ):
ಚೀಲದಿಂದ ಅಳೆದುಕೊಟ್ಟ ಮಂಡಕ್ಕಿಗೆ ತೆರಿಗೆ ಇಲ್ಲ. ಅದನ್ನೇ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿದ್ದಕ್ಕೆ 2022ರ ಜುಲೈ 18ರಿಂದ 5% ಬಿತ್ತು. ದರಕ್ಕೆ ಶಿಫಾರಸು ಮಾಡೋದು ಕೇಂದ್ರ, ರಾಜ್ಯಗಳ ಮಂತ್ರಿಗಳು ಕೂರೋ ಜಿಎಸ್‌ಟಿ ಮಂಡಳಿ, ಹಾಗಾಗಿ ನಮ್ಮ ರಾಜ್ಯ ಸರ್ಕಾರ ಒಂದೇ ಬೇಡ ಅಂದರೆ ಇದು ನಿಲ್ಲಲ್ಲ. ಐರೋಪ್ಯ ಒಕ್ಕೂಟದಲ್ಲಿ ಒಂದು ದೇಶ ತಕರಾರು ತೆಗೆದರೂ ತೆರಿಗೆ ಕಾನೂನು ಮುಂದೆ ಹೋಗಲ್ವಂತೆ. ಯೂರೊಗಾಗಿ ತಮ್ಮ ನಾಣ್ಯವನ್ನೇ ಬಿಟ್ಟುಕೊಟ್ಟವರು ತೆರಿಗೆಯನ್ನ ಯಾಕೆ ಇಷ್ಟು ಬಿಗಿಯಾಗಿ ಹಿಡಿದಿದ್ದಾರೆ? ಅಲ್ಲಿ ವ್ಯಾಟ್ (ನಮ್ಮ ಜಿಎಸ್‌ಟಿ ಥರದ ತೆರಿಗೆ) ದರ ಎಲ್ಲಾ ಕಡೆ ಒಂದೇನಾ?

ಲೆಕ್ಕಪತ್ರ:
ದರ ಒಂದೇ ಅಲ್ಲ, ಚೌಕಟ್ಟು ಒಂದೇ. 2006ರ ವ್ಯಾಟ್ ನಿರ್ದೇಶನದ (ಸದಸ್ಯ ದೇಶಗಳು ಪಾಲಿಸಲೇಬೇಕಾದ ಒಕ್ಕೂಟದ ಕಾನೂನು) ಪ್ರಕಾರ ಸಾಮಾನ್ಯ ದರ 15%ಗಿಂತ ಕೆಳಗೆ ಇಳಿಯೋ ಹಾಗಿಲ್ಲ. ಲಕ್ಸೆಂಬರ್ಗ್ 17, ಜರ್ಮನಿ 19, ಹಂಗೇರಿ 27. ಐರ್ಲೆಂಡಿನಲ್ಲಿ ಬ್ರೆಡ್ಡು, ಹಾಲು, ಮಕ್ಕಳ ಬಟ್ಟೆಗೆ ಸೊನ್ನೆ. 1991ಕ್ಕೆ ಮುಂಚಿನಿಂದ ಇದ್ದದ್ದನ್ನು ಹಾಗೇ ಉಳಿಸಿಕೊಂಡಿದ್ದಾರೆ.

ಬೀಗ ಇರೋದು ಒಕ್ಕೂಟದ ಮೂಲ ಒಪ್ಪಂದದ 113ನೇ ವಿಧಿಯಲ್ಲಿ (ಪರೋಕ್ಷ ತೆರಿಗೆ) ಮತ್ತು 115ರಲ್ಲಿ (ನೇರ ತೆರಿಗೆಗೂ ಇದೇ ದಾರಿ). 27 ದೇಶಗಳ ಮಂತ್ರಿಗಳಲ್ಲಿ ಒಬ್ಬರೂ ವಿರೋಧಿಸಬಾರದು. ಗೈರುಮತ ಹಾಕಿದರೆ ತಡೆಯಾಗಲ್ಲ, ‘ಬೇಡ’ ಅಂತಲೇ ಹೇಳಬೇಕು. ಐರೋಪ್ಯ ಸಂಸತ್ತಿಗೆ ಇಲ್ಲಿ ಸಲಹೆ ಕೊಡೋ ಹಕ್ಕಷ್ಟೇ. ಹಂತಹಂತವಾಗಿ ಬಹುಮತಕ್ಕೆ ಹೋಗೋಣ ಅಂತ 2019ರ ಜನವರಿಯಲ್ಲಿ ಐರೋಪ್ಯ ಆಯೋಗ (ಒಕ್ಕೂಟದ ಆಡಳಿತ ಅಂಗ) ಹೇಳಿ ನೋಡಿತು. ಆದರೆ ಬಹುಮತಕ್ಕೆ ಬದಲಾಗೋಕೂ ಸರ್ವಾನುಮತವೇ ಬೇಕು! ಪೆಟ್ಟಿಗೆಯ ಕೀಲಿ ಪೆಟ್ಟಿಗೆಯೊಳಗೇ ಇದೆ.

ಬಿಗಿಹಿಡಿಯೋ ಕಾರಣ ಸರಳ. ಯೂರೊ ತಗೊಂಡ ದೇಶಕ್ಕೆ ಬಡ್ಡಿದರ ಫ್ರಾಂಕ್‌ಫರ್ಟ್‌ನ ಐರೋಪ್ಯ ಕೇಂದ್ರ ಬ್ಯಾಂಕಿನಲ್ಲಿ ತೀರ್ಮಾನವಾಗುತ್ತೆ, ಬಜೆಟ್ ಕೊರತೆಗೆ ಜಿಡಿಪಿಯ 3%ರ ಗೆರೆ ಇದೆ. ಕೈಯಲ್ಲಿ ಉಳಿದ ದೊಡ್ಡ ಆಯುಧ ತೆರಿಗೆ. ಐರ್ಲೆಂಡಿನ 12.5% ಕಂಪನಿ ತೆರಿಗೆ ಬಂಡವಾಳ ಸೆಳೆಯೋ ಗಾಳವೇ ಆಗಿತ್ತು.

ಹಿಂಬಾಗಿಲು:
ಒಪ್ಪುತ್ತೇನೆ, ಆದರೆ ವೀಟೋ (ಒಬ್ಬರೇ ತಡೆಯೋ ಹಕ್ಕು) ಚೌಕಾಶಿ ಸರಕೂ ಹೌದು. 75 ಕೋಟಿ ಯೂರೊ ಮೀರಿದ ವಹಿವಾಟಿನ ಕಂಪನಿ ಗುಂಪುಗಳಿಗೆ ಕನಿಷ್ಠ 15% ತೆರಿಗೆ ಅನ್ನೋ ನಿರ್ದೇಶನವನ್ನು 2022ರ ಜೂನ್‌ನಲ್ಲಿ ಹಂಗೇರಿ ತಡೆಯಿತು. ಡಿಸೆಂಬರ್‌ನಲ್ಲಿ ಬಿಟ್ಟುಕೊಟ್ಟಿತು. ಅದೇ ಮೇಜಿನ ಮೇಲೆ ಉಕ್ರೇನಿನ 1,800 ಕೋಟಿ ಯೂರೊ ನೆರವೂ ಹಂಗೇರಿಗೆ ಬರಬೇಕಿದ್ದ ಅನುದಾನವೂ ಇದ್ದವು.

ಇನ್ನೊಂದು ದಾರಿಗೆ ಸರ್ವಾನುಮತವೇ ಬೇಡ. ‘ಕಡಿಮೆ ತೆರಿಗೆ ಅಲ್ಲ, ಒಂದೇ ಕಂಪನಿಗೆ ಕೊಟ್ಟ ಅಕ್ರಮ ಸರ್ಕಾರಿ ನೆರವು’ ಅಂತ ಆಪಲ್‌ನಿಂದ 1,300 ಕೋಟಿ ಯೂರೊ ವಸೂಲಿಗೆ 2016ರಲ್ಲಿ ಆಯೋಗ ಆದೇಶ ಹೊರಡಿಸಿತು. 2020ರಲ್ಲಿ ಒಕ್ಕೂಟದ ಕೆಳ ನ್ಯಾಯಾಲಯ ಅದನ್ನು ರದ್ದು ಮಾಡಿತ್ತು, 2024ರ ಸೆಪ್ಟೆಂಬರ್ 10ರಂದು ಮೇಲಿನ ನ್ಯಾಯಾಲಯ ಎತ್ತಿಹಿಡಿಯಿತು. ತಮಾಷೆ ಅಂದ್ರೆ ಆ ದುಡ್ಡು ಬೇಡ ಅಂತ ವಾದಿಸಿದ್ದು ಐರ್ಲೆಂಡ್ ಸರ್ಕಾರವೇ.

ಕೋಟೆನಾಡು (ಚಿತ್ರದುರ್ಗ):
ಮಂಡಕ್ಕಿ ಲೆಕ್ಕಕ್ಕೆ ಬರೋಣ. ಸಂವಿಧಾನದ 279ಎ ಪ್ರಕಾರ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳಿಗೆಲ್ಲ ಸೇರಿ ಮೂರನೇ ಎರಡು. ಪಾಸಾಗೋಕೆ ಮುಕ್ಕಾಲು ಬೇಕು. 31 ಸದಸ್ಯರಿಗೆ (ವಿಧಾನಸಭೆ ಇರೋ ಕೇಂದ್ರಾಡಳಿತ ಪ್ರದೇಶಗಳೂ ಸೇರಿ) ಹಂಚಿದರೆ ಕರ್ನಾಟಕದ ಪಾಲು ಸುಮಾರು 2.15%. ಎಲ್ಲರೂ ಹಾಜರಿದ್ದು ಮತ ಹಾಕಿದರೆ ತಡೆಯೋಕೆ 12 ರಾಜ್ಯ ಒಟ್ಟಾಗಬೇಕು. ಕೇಂದ್ರ ಒಂದೇ ತಡೆಯಬಹುದು.

2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮಂಡಳಿಯ ಶಿಫಾರಸು ಕಟ್ಟುಪಾಡಲ್ಲ ಅಂದಿದೆ. ಹಾಗಂತ ವಿಧಾನಸಭೆ ಮಂಡಕ್ಕಿ ತೆರಿಗೆ ತೆಗೆದರೂ ಹೋಗೋದು 5ರಲ್ಲಿ ರಾಜ್ಯದ 2.5 ಮಾತ್ರ. ಪ್ಯಾಕೆಟ್ ಸೊಲ್ಲಾಪುರಕ್ಕೆ ಹೊರಟರೆ ಬೀಳೋದು ಐಜಿಎಸ್‌ಟಿ (ರಾಜ್ಯದ ಗಡಿ ದಾಟೋ ಸರಕಿನ ಜಿಎಸ್‌ಟಿ), ಅದು ಕೇಂದ್ರದ ಕಾನೂನು. ಪೂರ್ತಿ ರಾಜ್ಯದ ಕೈಯಲ್ಲಿ ಉಳಿದದ್ದು ಪೆಟ್ರೋಲ್, ಡೀಸೆಲ್ ಮೇಲಿನ ಮಾರಾಟ ತೆರಿಗೆ, ಕುಡಿಯೋ ಮದ್ಯ. ವೃತ್ತಿ ತೆರಿಗೆಗೆ ಸಂವಿಧಾನವೇ ವರ್ಷಕ್ಕೆ 2,500 ರೂಪಾಯಿ ಮಿತಿ ಹಾಕಿದೆ.

ಲೆಕ್ಕಪತ್ರ:
ಪ್ರಶ್ನೆಯಲ್ಲಿ ಒಂದು ತಿದ್ದುಪಡಿ: ನಾಣ್ಯ ಎಲ್ಲರೂ ಬಿಟ್ಟಿಲ್ಲ. ತಕರಾರು ತೆಗೆದಾಗ ಹಂಗೇರಿಯ ಜೇಬಿನಲ್ಲಿ ಇದ್ದದ್ದು ಅದರದೇ ನಾಣ್ಯ ಫೋರಿಂಟ್.