ಬಾಲ್ಯವಿವಾಹ ತಡೆಯೋಕೆ ಬೀದಿ ನಾಟಕ ಮಾಡಿದವರು ಯಾರಾದರೂ ಇದ್ದೀರಾ?

ಬಿಎ ಎರಡನೇ ವರ್ಷ:
ನಮ್ಮದು ಕೊಪ್ಪಳ ಜಿಲ್ಲೆ. ಕಾಲೇಜಿನ ಎನ್‌ಎಸ್‌ಎಸ್‌ನಲ್ಲಿ 14 ಜನ ಇದ್ದೇವೆ. ಅಕ್ಷಯ ತದಿಗೆ ಬಂದರೆ ಮದುವೆ ಜಾಸ್ತಿ. ಅದಕ್ಕೂ ಮೊದಲು ನಾಲ್ಕು ಹಳ್ಳಿಗೆ ಹೋಗಿ ಬಾಲ್ಯವಿವಾಹದ ಬಗ್ಗೆ ಹೇಳಬೇಕು ಅಂತಿದ್ದೇವೆ. ಕೈಯಲ್ಲಿ 5,000 ರೂಪಾಯಿ ಇದೆ. ಬೀದಿ ನಾಟಕ ಮಾಡೋದಾ, ಮನೆಮನೆಗೆ ಹೋಗೋದಾ? ಮೈಕ್ ಬೇಕೇ ಬೇಕಾ? ಮಾಡಿದವರು ದಯವಿಟ್ಟು ಅನುಭವ ಹೇಳಿ.

ಹಳೇ ಹಲಗೆ:
ನಾವು 2018ರಲ್ಲಿ ಇದೇ ನಾಟಕ ಮಾಡಿದ್ದೆವು. ಲೆಕ್ಕದ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ, ಯಾಕೆಂದರೆ ದುಡ್ಡು ಪೂರ್ತಿ ಬಂದಿಲ್ಲ. ಟೆಂಪೋ ಎರಡು ದಿನಕ್ಕೆ 5,000. ಮೈಕ್ ಸೆಟ್ 1,800. ಚಿತ್ರಾನ್ನ, ಮೊಸರನ್ನ 1,650. ಬ್ಯಾನರ್ 700. ಬಡಿಯುವ ಹಲಗೆ ವಾದ್ಯದ ಬಾಡಿಗೆ 400, ಅದು ಹರಿದದ್ದಕ್ಕೆ ದಂಡ 300. ಒಟ್ಟು 9,850. ಕಾಲೇಜು ಒಪ್ಪಿದ್ದು 4,000, ಕೊಟ್ಟಿದ್ದು 2,000, ಅದೂ ನಾವು ಕೊನೆಯ ಪರೀಕ್ಷೆ ಮುಗಿಸಿ ಹೊರಟ ಮೇಲೆ. ಉಳಿದದ್ದು ನಾನು ಮತ್ತು ಮದುಮಗನ ಪಾತ್ರ ಮಾಡಿದವನು ಹಂಚಿಕೊಂಡೆವು.

ಹಲಗೆ ಹರಿದಿದ್ದು ಹೇಗೆ ಅಂತ ಕೇಳಿ. ಸಂಜೆ ತಂಪಿಗೆ ಚರ್ಮ ಸಡಿಲ ಆಗಿತ್ತು. ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ನಮ್ಮ ಹುಡುಗ ತೀರಾ ಹತ್ತಿರ ಹಿಡಿದ. ಮೊದಲ ಏಟಿಗೇ ಬಾಯಿ ಬಿಟ್ಟಿತು. ಆಮೇಲೆ ಎಣ್ಣೆ ಡಬ್ಬ ಬಡಿದೇ ನಾಟಕ ಮುಗಿಸಿದೆವು.

ಜನ ಮಾತ್ರ ಕಿಕ್ಕಿರಿದು ಸೇರಿದ್ದರು. ಮದುಮಗನ ಅಂಟು ಮೀಸೆ ಬಿದ್ದಾಗ ಎಂಥಾ ನಗು! ಕೊನೆಗೆ ಒಬ್ಬ ಅಜ್ಜಿ ಬಂದು ನನ್ನ ಕೈ ಹಿಡಿದು, 'ಭಾಳ ಚೆಂದ ಮಾಡಿದ್ರಿಯಪ್ಪಾ. ಬರೋ ತಿಂಗಳು ನಮ್ಮ ಮೊಮ್ಮಗಳ ಮದುವಿ ಐತಿ, ಅಲ್ಲಿಗೂ ಬಂದು ಮಾಡ್ರಿ' ಅಂದಳು. ಮೊಮ್ಮಗಳು ಪಕ್ಕದಲ್ಲೇ ಸ್ಕೂಲ್ ಬ್ಯಾಗ್ ಹಾಕಿಕೊಂಡು ನಿಂತಿದ್ದಳು.

ನೂರು ಗಜ:
ನಾಟಕ ಎಲ್ಲಾ ಸುಮ್ನೆ. ಅಳೆಯುವ ಕೆಲಸ ಮಾಡಿ. ನಾವು ತಂಬಾಕಿನ ವಿರುದ್ಧ ಮಾಡಿದ್ದು ಅದೇ. ಆಗ 2003ರ ಕಾಯ್ದೆ ಪ್ರಕಾರ ಶಾಲೆ ಕಾಲೇಜಿನಿಂದ 100 ಗಜದೊಳಗೆ ಬೀಡಿ ಸಿಗರೇಟು ಮಾರುವಂತಿರಲಿಲ್ಲ. 100 ಗಜ ಅಂದರೆ 91.44 ಮೀಟರ್. ಟೇಪ್ ಹಿಡಿದು ಹೋದೆವು. ಗೂಡಂಗಡಿ ಬಂದಿದ್ದು 88 ಮೀಟರಿಗೆ. ಅಂಗಡಿಯವನು ಏನೂ ಮಾತಾಡಲಿಲ್ಲ. ಚಕ್ರದ ಕಲ್ಲು ತೆಗೆದು, ಗಾಡಿಯನ್ನು ಹನ್ನೆರಡು ಅಡಿ ಹಿಂದಕ್ಕೆ ತಳ್ಳಿ, ಮತ್ತೆ ಕಲ್ಲು ಇಟ್ಟ. 'ಈಗ ಆಯ್ತಾ ಸಾರ್?' ಅಂದ.

ಮಾರನೇ ದಿನದಿಂದ ನಮ್ಮ ಹಾಸ್ಟೆಲ್ ಹುಡುಗರೇ ನನ್ನ ಜೊತೆ ಮಾತು ಬಿಟ್ಟರು. ಅವನು ಅವರ ಸಾಲದ ಖಾತೆ ಬಂದ್ ಮಾಡಿದ್ದ. ಆದರೂ ನನಗೆ ಬೇಜಾರಿಲ್ಲ. ಕಾನೂನು ಅಂದರೆ ಕಾನೂನು.

ಮಣ್ಣಿನ ಗಣಪ:
ನೂರು ಗಜ ಅವರೇ, ಟೇಪನ್ನು ರಸ್ತೆಗುಂಟ ಹಿಡಿದಿರೋ, ನೇರಕ್ಕೋ? ನಿಯಮದಲ್ಲಿ ಇರೋದು ಕಾಂಪೌಂಡಿನ ಹೊರ ಅಂಚಿನಿಂದ ಸುತ್ತಲೂ ನೇರ ಅಳತೆ. ರಸ್ತೆ ತಿರುವು ಲೆಕ್ಕಕ್ಕೆ ಬರಲ್ಲ.

ನೂರು ಗಜ:
ರಸ್ತೆಗುಂಟ. ಈಗ ಏನು, ಮತ್ತೆ ಹೋಗಿ ಅಳೆಯಬೇಕಾ? ನೀವು ಪಿಒಪಿ ಗಣಪತಿ ಬೇಡ ಅಂತ ಫ್ಲೆಕ್ಸ್ ಕಟ್ಟಿದ ತಂಡದವರಲ್ವಾ? ಹಳೇ ಪೋಸ್ಟ್ ನೆನಪಿದೆ.

ಮಣ್ಣಿನ ಗಣಪ:
ಒಂದೇ ಒಂದು ಫ್ಲೆಕ್ಸ್! ಅದೂ ನಾವಲ್ಲ, ದಾನಿಗಳು ಕಟ್ಟಿಸಿದ್ದು. 60 ಮೂರ್ತಿ ಕೈಯಾರೆ ಮಾಡಿದ್ದೆವು. ಬಿಸಿಲಿಗೆ ಇಟ್ಟು 22 ಸೀಳಿ ಹೋದವು. ನೆರಳಲ್ಲಿ ನಿಧಾನಕ್ಕೆ ಒಣಗಿಸಬೇಕು ಅಂತ ಕುಂಬಾರರು ಹೇಳಿದ್ದರು, ನಮಗೆ ಹಬ್ಬದ ಅವಸರ. ಸೊಂಡಿಲು ಬಿದ್ದ ಗಣಪನನ್ನು ಯಾರು ಕೊಳ್ಳುತ್ತಾರೆ? ಕೊನೆಗೆ ಬಕೆಟ್‌ನಲ್ಲಿ ನಾವೇ ಕರಗಿಸಿದೆವು. ಆ ನೋವು ನಿಮಗೆ ಗೊತ್ತಾ?

ನೂರು ಗಜ:
2016ರಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಜೊತೆ ಫ್ಲೆಕ್ಸ್ ಕೂಡ ನಿಷೇಧ ಆಗಿದೆ. ಅಷ್ಟೇ ಹೇಳಿದ್ದು.

ಒಂಬತ್ತನೇ ಬಿ:
ಫ್ಲೆಕ್ಸ್ ಜಗಳ ಆಮೇಲೆ ಆಡಿ. ಹಳೇ ಹಲಗೆ, ಆ ಅಜ್ಜಿಯ ಮಾತು ಕೇಳಿ ನೀವು ಏನು ಮಾಡಿದಿರಿ? ಕಥೆ ಅಲ್ಲಿಗೇ ನಿಂತಿದೆಯಲ್ಲ.

ನಮ್ಮದು ಹೇಳುತ್ತೇನೆ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳ ಸಹಾಯವಾಣಿಯ 1098 ನಂಬರ್ ಬಾಯಿಪಾಠ ಮಾಡಿಸಿದ್ದರು. ನಾವು ಐದು ಹುಡುಗಿಯರು ಗೋಡೆ ಮೇಲೆಲ್ಲಾ ಸುಣ್ಣದಲ್ಲಿ ಅದೇ ಬರೆದೆವು. ಎರಡು ತಿಂಗಳಿಗೆ ನಮ್ಮ ಬೆಂಚಿನವಳದ್ದೇ ಮದುವೆ ಗೊತ್ತಾಯಿತು. ನಾನೇ ಫೋನ್ ಮಾಡಿದೆ. ಅಧಿಕಾರಿಗಳು ಬಂದರು, ಚಪ್ಪರ ಬಿಚ್ಚಿಸಿದರು, 18 ತುಂಬುವವರೆಗೆ ಮದುವೆ ಮಾಡಲ್ಲ ಅಂತ ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡರು. ಶಾಲೆಯಲ್ಲಿ ನಮಗೆ ಚಪ್ಪಾಳೆ. ಹನ್ನೊಂದನೇ ದಿನ ಬೇರೆ ತಾಲೂಕಿನ ಸಂಬಂಧಿಕರ ಮನೆಯಲ್ಲಿ, ಬೆಳಗಿನ ನಾಲ್ಕಕ್ಕೆ, ದೀಪ ಸಣ್ಣ ಮಾಡಿ ತಾಳಿ ಕಟ್ಟಿಸಿದರು.

ಫೋನ್ ಮಾಡಿದ್ದು ಯಾರು ಅಂತ ಊರಿಗೆಲ್ಲಾ ಗೊತ್ತಾಯಿತು, ಹೇಗೋ ಏನೋ. ಎರಡು ವರ್ಷ ನಮ್ಮ ಮನೆಗೆ ಯಾರೂ ಹೆಪ್ಪಿಗೆ ಮಜ್ಜಿಗೆ ಕೊಡಲಿಲ್ಲ.

ಮಣ್ಣಿನ ಗಣಪ:
ಆದರೆ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಒಂಬತ್ತನೇ ಬಿ:
ಅಸಿಂಧು ಅಂತ ಅವಳ ಅತ್ತೆಗೆ ನೀವೇ ಹೋಗಿ ಹೇಳಿ.

ಹಳೇ ಹಲಗೆ:
ಕೇಳಿದಿರಲ್ಲ, ಹೇಳುತ್ತೇನೆ. ಏನೂ ಮಾಡಲಿಲ್ಲ. ನಕ್ಕು ಟೆಂಪೋ ಹತ್ತಿದೆವು. ಟೆಂಪೋದವನು ಕತ್ತಲಾಯಿತು ಅಂತ ಹಾರ್ನ್ ಹೊಡೆಯುತ್ತಿದ್ದ. ನಮ್ಮ ಮೇಷ್ಟ್ರಿಗೆ ಹೇಳಿದೆ, 'ಆಯ್ತು ನೋಡೋಣ' ಅಂದರು. ಪಂಚಾಯ್ತಿಯ ಪಿಡಿಒ ಕೂಡ ಬಾಲ್ಯವಿವಾಹ ನಿಷೇಧಾಧಿಕಾರಿ ಅಂತ ನಮ್ಮ ನಾಟಕದಲ್ಲೇ ಒಂದು ಸಾಲು ಇತ್ತು. ನಾನೇ ಹೇಳುವ ಸಾಲು ಅದು. ಪಂಚಾಯ್ತಿ ಕಚೇರಿ ನಾಟಕ ಮಾಡಿದ ಕಟ್ಟೆಯ ಎದುರಿಗೇ ಇತ್ತು.

ನೂರು ಗಜ:
ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ತುಂಬಿಸಿ ಸರ್ಟಿಫಿಕೇಟ್ ತಗೊಳ್ಳುವವರಿಂದ ಇಷ್ಟೇ ಆಗೋದು.

ಹಳೇ ಹಲಗೆ:
ನೀವು ಗಾಡಿಯನ್ನು ಹನ್ನೆರಡು ಅಡಿ ತಳ್ಳಿಸಿದ್ದು ದೊಡ್ಡ ಕ್ರಾಂತಿ ಅಲ್ವಾ? ಅದೂ ತಪ್ಪು ಅಳತೆಗೆ. ನನ್ನ ಸರ್ಟಿಫಿಕೇಟ್ ಕಥೆ ಎತ್ತಬೇಡಿ. ಅದರಲ್ಲಿ ನನ್ನ ಹೆಸರೇ ತಪ್ಪು ಬಿದ್ದಿದೆ.

ಬಿಎ ಎರಡನೇ ವರ್ಷ:
ಎಲ್ಲರಿಗೂ ಧನ್ಯವಾದ. ನನ್ನ ಪ್ರಶ್ನೆ ನಾಟಕವೋ ಮನೆಮನೆಯೋ ಅಂತ ಇತ್ತು. ಇರಲಿ. ಒಂಬತ್ತನೇ ಬಿ ಅಕ್ಕಾ, ನಿಮ್ಮ ಹೆಸರು ಹೊರಗೆ ಹೋಗದ ಹಾಗೆ ಏನು ಮಾಡಬಹುದಿತ್ತು?

ಒಂಬತ್ತನೇ ಬಿ:
ನಾನು ಊರ ಅಂಗಡಿಯಲ್ಲಿ ನಿಂತು ಫೋನ್ ಮಾಡಿದೆ. ಅದು ಮಾಡಬಾರದಿತ್ತು. ಮತ್ತೆ, ಮದುವೆ ನಿಂತ ಮೇಲೆ ಅವಳು ಹನ್ನೊಂದು ದಿನ ಶಾಲೆಗೆ ಬರಲಿಲ್ಲ. ನಾವು ಯಾರೂ ಒಂದು ದಿನವೂ ಅವಳ ಮನೆ ಕಡೆ ಹೋಗಲಿಲ್ಲ. ಚಪ್ಪಾಳೆ ತಟ್ಟಿಸಿಕೊಂಡು ಕೂತಿದ್ದೆವು. ನಾಲ್ಕು ಹಳ್ಳಿ ಬಿಟ್ಟು ಒಂದೇ ಹಳ್ಳಿಗೆ ನಾಲ್ಕು ಸಲ ಹೋಗಿ.

ಮಣ್ಣಿನ ಗಣಪ:
ಬ್ಯಾನರ್ ಬಟ್ಟೆಯದ್ದು ಮಾಡಿಸಿ. ಫ್ಲೆಕ್ಸ್ ಬೇಡವೇ ಬೇಡ, ಜೀವನ ಪೂರ್ತಿ ಕೇಳಬೇಕಾಗುತ್ತದೆ.

ಬಿಎ ಎರಡನೇ ವರ್ಷ:
ಸರಿ ಅಕ್ಕಾ, ಒಂದೇ ಹಳ್ಳಿ. ಬಸ್ಸಲ್ಲೇ ಹೋಗುತ್ತೇವೆ. ಮೈಕ್ ಕೂಡ ಬಿಟ್ಟೆವು. ಹಲಗೆ ಯಾರ ಹತ್ತಿರವಾದರೂ ಸಿಗುತ್ತದಾ?

ಹಳೇ ಹಲಗೆ:
ನನ್ನ ಹತ್ತಿರ ಇದೆ. ದಂಡ ಕಟ್ಟಿದ ಮೇಲೆ ಆ ಹರಿದದ್ದನ್ನು ನನಗೇ ಕೊಟ್ಟರು, ಹೊಸ ಚರ್ಮ ಹಾಕಿಸಿದ್ದೇನೆ. ಬಾಡಿಗೆ ಬೇಡ. ಆದರೆ ಬೆಂಕಿಗೆ ಹಿಡಿಯೋದು ನಾನೇ, ನಾನೂ ಬರುತ್ತೇನೆ.