ಅಪ್‌ಡೇಟ್: ಮಳೆಗಾಲದಲ್ಲೇ ಜಲವರ್ಣ ಪ್ರದರ್ಶನ ಮಾಡಿದೆವು

ಮಳೆಗಾಲದಲ್ಲಿ ಜಲವರ್ಣ ಚಿತ್ರಗಳನ್ನು ಗೋಡೆಗೆ ಹಾಕಿದರೆ ಕಾಗದ ಹಾಳಾಗುತ್ತಾ ಅಂತ ಹಿಂದೆ ಇಲ್ಲಿ ಕೇಳಿದ್ದೆ, ನೀವು ಸಲಹೆ ಕೊಟ್ಟಿದ್ದಿರಿ. ಮಲ್ಲೇಶ್ವರದ ಕಲಾ ಕೇಂದ್ರದಲ್ಲಿ ನಮ್ಮ ಬೀದಿಗಳ ಮರಗಳ ಕುರಿತು ಪ್ರದರ್ಶನ ಇತ್ತು. ಭಾನುವಾರ ಮುಗಿಯಿತು. ಒಂದು ಚಿತ್ರಕ್ಕೂ ಬೂಷ್ಟು ಹಿಡಿಯಲಿಲ್ಲ!

ಗಾಜಿಗೆ ಕಾಗದ ತಾಗದಂತೆ ಮಧ್ಯೆ ಮೌಂಟ್ ಬೋರ್ಡ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟು) ಕೊಡಿ ಅಂದಿದ್ದಿರಿ, ಅದೇ ನಮ್ಮನ್ನು ಕಾಪಾಡಿತು. ಫ್ರೇಮಿನ ಹಿಂದೆ ಕೆಳಮೂಲೆಗಳಿಗೆ ಕಾರ್ಕ್ ತುಂಡು ಅಂಟಿಸಿದ್ದರಿಂದ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡಿತು. ಗುಲಾಬಿ ಬಣ್ಣಗಳಲ್ಲಿ ಕೆಲವು ಬೆಳಕಿಗೆ ಬೇಗ ಮಾಸುತ್ತವೆ. ಹಾಗಾಗಿ ಗುಲಾಬಿ ಬಣ್ಣದ ಟಬೆಬುಯಾ ಹೂವಿನ ಚಿತ್ರಗಳನ್ನು ಕಿಟಕಿಯಿಂದ ದೂರ ಇಟ್ಟು, ಬಿಸಿಲು ಬೀಳುವ ಜಾಗದಲ್ಲಿ ಟೆರಾಕೋಟಾ (ಸುಟ್ಟ ಮಣ್ಣಿನ) ಕಲಾಕೃತಿಗಳನ್ನು ಇಟ್ಟೆವು.

ಜನ ಜಾಸ್ತಿ ಹೊತ್ತು ನಿಂತಿದ್ದು ಒಂದು ಹೊಂಗೆ ಎಲೆಯ ಚಿತ್ರದ ಮುಂದೆ. ನುಸಿ ಹತ್ತಿ ಎಲೆ ಮೇಲೆ ಏಳುವ ಗಂಟುಗಳಿವೆಯಲ್ವಾ, ಅವನ್ನೂ ಬಿಡದೆ ಶಾಯಿಯಲ್ಲಿ ಒಂದೊಂದಾಗಿ ಬರೆದಿದ್ದರು ನಮ್ಮ ಬೀದಿಯ ಅಜ್ಜಿ. ಒಂದು ಮಗು ಹೊರಗೆ ಓಡಿ ಅಂಥದ್ದೇ ಎಲೆ ಹುಡುಕಿ ತಂದು ಪಕ್ಕದಲ್ಲಿ ಹಿಡಿಯಿತು. ನನಗೆ ತುಂಬಾ ಖುಷಿಯಾಯ್ತು.

ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರ (1886–1965) ಊಟಿ ಜಲವರ್ಣಗಳನ್ನು ನೋಡಿ ಅಂದವರಿಗೆ ವಿಶೇಷ ಥ್ಯಾಂಕ್ಸ್. ಆ ಚಿತ್ರಗಳಲ್ಲಿನ ಮಂಜನ್ನು ನೋಡಿಯೇ ನಮ್ಮ ಹುಡುಗರು ತೆಳು ಬಣ್ಣದ ಮೇಲೆ ತೆಳು ಬಣ್ಣ ಕೂರಿಸುವುದನ್ನು ಮತ್ತೆ ಶುರು ಮಾಡಿದ್ದಾರೆ.

ಫ್ರೇಮುಗಳು ಈಗ ಖಾಲಿ ಇವೆ. ಮಳೆಗಾಲದಲ್ಲಿ ಪ್ರದರ್ಶನ ಇಡುವವರು ಯಾರಾದರೂ ಇದ್ದರೆ ಸುಮ್ನೆ ಕೇಳಿ, ಕೊಡುತ್ತೇವೆ.