ಸಾಲ್ಯಾಗ ಫಸ್ಟ್ ಏಡ್ ಕಲಸಾಕ ಎಲ್ಲಿಂದ ಶುರು ಮಾಡ್ಲಿ? ಗೊತ್ತಿದ್ದಾವ್ರು ಹೇಳ್ರಿ

ಹೊಳಿದಂಡಿ ಮಾಸ್ತರ (ಬಾದಾಮಿ ತಾಲೂಕು)

ಎಲ್ಲಾರಿಗೂ ನಮಸ್ಕಾರ್ರಿ. ನಾನು ಮಲಪ್ರಭಾ ದಂಡಿ ಊರಾಗ ಸರ್ಕಾರಿ ಸಾಲಿ ಮಾಸ್ತರ. ಹೋದ ತಿಂಗಳ ಬಿಸಿಊಟದ ಹೊತ್ತಿನ್ಯಾಗ ಆರನೇ ಕ್ಲಾಸಿನ ಹುಡುಗಿ ಕೈಮ್ಯಾಲೆ ಸುಡುಸುಡು ಸಾರು ಚೆಲ್ತು. ಅಡಿಗಿ ಅಕ್ಕ ಅರಿಷಿಣ ತಂದ್ರು, ಇನ್ನೊಬ್ರು ಪೇಸ್ಟ್ ಹಚ್ರಿ ಅಂದ್ರು, ನಾನು ಫಸ್ಟ್ ಏಡ್ ಡಬ್ಬಿ ತರಾಕ ಓಡಿದ್ನಿ, ಡಬ್ಬಿ ಕಪಾಟಿನ್ಯಾಗ, ಕಪಾಟಿನ ಕೀಲಿ ಹೆಡ್ ಮಾಸ್ತರ ಕಿಸೆದಾಗ, ಅವ್ರು ಮೀಟಿಂಗಿಗೆ ಹೋಗಿದ್ರು. ಕಡೀಕ ಕೀಲಿ ಮುರದು ತಗದ್ರ ಒಳಗ ಕರ್ರಗಾದ ಹತ್ತಿ, ಡೇಟ್ ಮುಗದ ಮುಲಾಮು. ಪಕ್ಕದಾಗ ನಳ ಇತ್ತು, ನೀರು ಬಿಡೂಣು ಅಂತ ಒಬ್ರಿಗೂ ಹೊಳೀಲಿಲ್ಲ. ಆ ಹುಡುಗಿ ಅಳಲಾರದ ತುಟಿ ಕಚಗೊಂಡು ನಿಂತಿದ್ಲು, ಅದ ಕಣ್ಣಿಗೆ ಕಟ್ಟಿಧಂಗ ಐತಿ.

ಅವತ್ತಿಂದ ಶನಿವಾರ ಒಂದು ಪಿರಿಯಡ್ ಇದಕ್ಕ ಇಡಬೇಕಂತ ಮಾಡೀನಿ. 5ರಿಂದ 7ನೇ ಕ್ಲಾಸಿನ ಹುಡುಗ್ರು. ಮ್ಯಾಲೆ ನಮ್ಮದು ಹೊಳಿ ಬರೂ ಊರು, 2019ರ ಆಗಸ್ಟಿನ್ಯಾಗ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಾಗ ಸಾಲಿ ಕಿಟಕಿ ತನಕ ಬಂದಿತ್ತು. ಏನು ಮೊದ್ಲ ಕಲಸ್ಲಿ? ಸಿಪಿಆರ್ (ಉಸಿರು ನಿಂತಾವ್ರ ಎದಿ ಒತ್ತೂದು) ಈ ವಯಸ್ಸಿಗೆ ಆಕ್ಕೈತೇನು? ಜೋಡಿ ಮಾಸ್ತರೊಬ್ರು ಸಣ್ಣ ಹುಡುಗ್ರಿಗೆ ಯಾಕ ಅಂಜಸ್ತೀರಿ ಅಂತಾರ.

ಸೈರನ್ ಗೋಕಾಕ

ಸರ, ನಾನು ಆಂಬುಲೆನ್ಸ್ ಮ್ಯಾಲೆ ಕೆಲಸ ಮಾಡಾಂವ. ಎಲ್ಲಾಕ್ಕಿಂತ ಮೊದ್ಲ ಫೋನ್ ಮಾಡೂದು ಕಲಸ್ರಿ. ನಗಬ್ಯಾಡ್ರಿ, ಇದ ದೊಡ್ಡ ಕೆಲಸ. ದೊಡ್ಡಾವ್ರ ಫೋನ್ ಮಾಡಿ "ಲಗೂನ ಬರ್ರಿ" ಅಂದು ಕಟ್ ಮಾಡ್ತಾರ, ಯಾವ ಊರು ಯಾವ ಓಣಿ ಅಂತ ಹೇಳೂದಿಲ್ಲ, ನಾವು ಕಬ್ಬಿನ ಹೊಲದ ನಡುವ ದಾರಿ ಹುಡಕ್ಕೋತ ತಿರಗ್ತೀವಿ. 108 ಇಲ್ಲಾ 112, ಊರು, ಗುರ್ತು (ಗುಡಿ, ನೀರಿನ ಟಾಕಿ, ಬಸ್ ಸ್ಟಾಪ್), ಏನಾಗೈತಿ, ಎಷ್ಟ ಮಂದಿ, ಅವ್ರು ಇಡ್ರಿ ಅನ್ನೂ ತನಕ ಫೋನ್ ಇಡಬಾರ್ದು. ಒಬ್ಬ ಹುಡುಗ ಫೋನ್ ಮಾಡಾಂವ, ಒಬ್ಬ ಎತ್ತಾಂವ, ಹಿಂಗ ಕ್ಲಾಸಿನ್ಯಾಗ ಆಡಸ್ರಿ.

ಸುಟ್ರ ಹರಿಯೂ ತಣ್ಣೀರು, 20 ನಿಮಿಷ, ಗಡಿಯಾರ ನೋಡಿ. ಬರ್ಫ ಬ್ಯಾಡ, ಪೇಸ್ಟ್ ಬ್ಯಾಡ, ಅರಿಷಿಣ ಬ್ಯಾಡ. ಕೈ ಬಾಯೂದಕ್ಕ ಮೊದ್ಲ ಬಳಿ ಉಂಗುರ ತಗೀಬೇಕು.

ಹಾವಿನದು ನಮ್ಮ ಕಡೆ ಕಲಸಾಕ ಬೇಕು. ಕಬ್ಬು ಕಡಿಯೂ ಸೀಜನ್ಯಾಗ ಬರೂ ಪೇಶಂಟ್ ಕಾಲಿಗೆ ಹಗ್ಗ ಬಿಗದು ಕಟ್ಟಿರ್ತಾರ, ಕಾಲು ನೀಲಿ ಆಗಿರ್ತೈತಿ, ಕೆಲವ್ರು ಬ್ಲೇಡ್ ಹಾಕಿರ್ತಾರ, ಮಂತ್ರ ಹಾಕ್ಸಾಕ ಹೋಗಿ ಎರಡು ತಾಸು ಕಳದಿರ್ತಾರ. ಕಟ್ಟೂದು, ಕೊಯ್ಯೂದು, ಬಾಯಿಲೆ ಹೀರೂದು ಮೂರೂ ತಪ್ಪು. ಮಲಗಸಿ, ಕಾಲು ಅಲಗಾಡದಂಗ ಒಂದು ಕೋಲಿಗೆ ಸಡ್ಲ ಸುತ್ತಿ, ಎಎಸ್‌ವಿ (ಹಾವಿನ ವಿಷಕ್ಕ ಕೊಡೂ ಇಂಜೆಕ್ಷನ್) ಇರೂ ದವಾಖಾನಿಗೆ ಒಯ್ಯಬೇಕು. ಹಾವು ಹುಡಕಾಕ ಹೋಗಬಾರ್ದು, ಎರಡನೇದಾವಗೂ ಕಡಸ್ಕೊಂತೀರಿ.

ಸಿಪಿಆರ್ 12 ವರ್ಷದಿಂದ ವರ್ಷಕ್ಕ 2 ತಾಸು ಕಲಸಬೇಕು ಅನ್ನೂ ಮಾತಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಾಗ ಒಪ್ಪಿಗಿ ಕೊಟ್ಟೈತಿ. ನಿಮ್ಮ ಏಳನೇ ಕ್ಲಾಸಿನಾವ್ರಿಗೆ ಆಕ್ಕೈತಿ. ಗೊಂಬಿ ಇಲ್ಲಂದ್ರ ಹತ್ತಿ ಒತ್ತಿ ತುಂಬಿದ ದಿಂಬು ಸಾಕು, ನಿಮಿಷಕ್ಕ 100ರಿಂದ 120 ಸಲ ಒತ್ತಬೇಕು, ದೊಡ್ಡಾವ್ರಿಗೆ ಎದಿ 5 ಸೆಂಟಿಮೀಟರ್ ಇಳೀಬೇಕು. ಮಂದಿ ಮ್ಯಾಲೆ ಮಾತ್ರ ಪ್ರಾಕ್ಟೀಸ್ ಮಾಡ್ಸಬ್ಯಾಡ್ರಿ. ಸಣ್ಣಾವ್ರಿಗೆ ಅಲುಗಾಡಸಿ ಕೂಗೂದು, ಉಸಿರು ನೋಡೂದು, ಫೋನ್ ಮಾಡೂದು ಬಂದ್ರ ಸಾಕು.

ಬಿಜಾಪುರದಾಕಿ

ನನ್ನ ಮಗ ಎಂಟನೇ ಕ್ಲಾಸ್. ಜಿಲ್ಲಾದಾಗ 2021ರಾಗ ಸಣ್ಣ ಸಣ್ಣ ಕಂಪನ ಆಗ್ತಿದ್ವಲ್ಲ, ಅವಾಗ ಒಂದ್ಸಲ ನೆಲ ಗುಡುಗಿಧಂಗಾಗಿ ನಮ್ಮ ಓಣಿ ಮಂದಿ ಎಲ್ಲಾ ಒಂದ ಮೆಟ್ಲ ಮ್ಯಾಲೆ ಓಡಿ ಬಂದು ಒಬ್ಬ ಅಜ್ಜಿ ಬಿದ್ದು ಕೈ ಮುರಕೊಂಡ್ರು. ಭೂಕಂಪ ಅವರಿಗೆ ಏನೂ ಮಾಡ್ಲಿಲ್ಲ, ಓಡಿದ್ದಕ್ಕ ಪೆಟ್ಟಾತು. ಅದಕ್ಕ ಹುಡುಗ್ರಿಗೆ ಡೆಸ್ಕಿನ ಕೆಳಗ ಕೂತು ತಲಿ ಮುಚ್ಚಿ ಡೆಸ್ಕಿನ ಕಾಲು ಹಿಡ್ಕೋರಿ, ಕಂಪನ ನಿಂತ ಮ್ಯಾಲೆ ಸಾಲಾಗಿ ಹೊರಗ ಬರ್ರಿ ಅಂತ ಕಲಸಲಿಕ್ಕೇ ಬೇಕು. ಆದ್ರ ನಮ್ಮ ಕಡೆ ಕಲ್ಲುಮಣ್ಣಿನ ಗ್ವಾಡಿ, ಮ್ಯಾಲೆ ಮಣ್ಣಿನ ಮಾಳಗಿ ಇರೋ ಮನಿ ಭಾಳ ಅವ. 1993ರ ಸೆಪ್ಟೆಂಬರ್ 30ರ ನಸುಕಿನ್ಯಾಗ ಮಹಾರಾಷ್ಟ್ರದ ಕಿಲ್ಲಾರಿ ಕಡೆ ಭೂಕಂಪದಾಗ ಸತ್ತವ್ರು ಹೆಚ್ಚಿನಾವ್ರು ಅಂಥಾ ಮನಿಗೋಳ ಕೆಳಗ ಸಿಕ್ಕು. ಅಂಥಾ ಮನ್ಯಾಗ ಬಾಗಲ ಹತ್ರ ಇದ್ರ ಹೊರಗ ಬಯಲಿಗೆ ಬರೂದೇ ಛಲೋ. ಸಾಲಿದು ಬ್ಯಾರೆ, ಮನಿದು ಬ್ಯಾರೆ, ಎರಡೂ ಹೇಳ್ರಿ ಸರ್.

ಇನ್ನೊಂದು ಮಾತು, ಅಡಿಗಿ ಖೋಲಿ. 2004ರಾಗ ತಮಿಳುನಾಡಿನ ಕುಂಭಕೋಣಂ ಸಾಲ್ಯಾಗ ಅಡಿಗಿಮನಿ ಬೆಂಕಿ ಛಾವಣಿಗೆ ಹತ್ತಿ 94 ಮಕ್ಕಳು ಹೋದ್ವು. ಗೇಟಿಗೆ ಹಗಲ್ಹೊತ್ತು ಕೀಲಿ ಹಾಕೂದಿದ್ರ ಬಿಡಸ್ರಿ, ಕೈ ಮುಗದು ಹೇಳ್ತೀನಿ.

ಕೃಷ್ಣಾತೀರದ ಕಾಕಾ (ರಾಯಬಾಗ)

ಅಂಜಸ್ತೀರಿ ಅನ್ನಾವ್ರಿಗೆ ಹೇಳ್ರಿ ಮಾಸ್ತರ, ಅಂಜಿಕಿ ಬರೂದು ಗೊತ್ತಿಲ್ಲದಾಗ. ನಾವು 2005ರ ಹೊಳಿ ನೋಡೀವಿ, 2019ರದೂ ನೋಡೀವಿ. ನಿಮ್ಮ ಗ್ವಾಡಿ ಮ್ಯಾಲೆ ನೀರಿನ ಗುರ್ತು ಇದ್ರ ಅಳಸಬ್ಯಾಡ್ರಿ, ಎಣ್ಣಿಬಣ್ಣದಾಗ ಗೆರಿ ಎಳದು ಇಸ್ವಿ ಬರಸ್ರಿ, ಹುಡುಗ್ರು ಅದರ ಪಕ್ಕ ನಿಂತು ತಮ್ಮ ಎತ್ತರ ನೋಡ್ಕೋಲಿ. ಆಮ್ಯಾಲ ಊರಾಗಿನ ಮುದುಕರ ಹತ್ರ ಕಳಸಿ ಯಾವ ಓಣಿಗೆ ಮೊದ್ಲ ನೀರು ಬಂತು, ಯಾವ ದಿಬ್ಬ ಉಳೀತು ಕೇಳಿ ನಕಾಶಿ ಬರಸ್ರಿ.

ಆಧಾರ್, ರೇಶನ್ ಕಾರ್ಡ್, ಹೊಲದ ಉತಾರ ಪ್ಲಾಸ್ಟಿಕ್ ಚೀಲದಾಗ ಒಂದ ಕಡೆ. ಮನಿ ಬಿಡೂ ಮುಂದ ದನದ ಕಣ್ಣಿ ಬಿಚ್ಚಬೇಕು. ನಮ್ಮೂರಾಗ ಕಟ್ಟಿದಲ್ಲೇ ಮುಳಗಿದ ಎಮ್ಮಿ ಕಂಡಾಂವ ನಾನು, ಬಿಚ್ಚಿದ್ರ ಈಸಿ ಬರ್ತಿತ್ತು. ಸೇತುವಿ ಮ್ಯಾಲೆ ನೀರು ಹರೀತಿದ್ರ ಪಾದ ಮುಚ್ಚುವಷ್ಟ ಇದ್ರೂ ದಾಟಬಾರ್ದು, ರಸ್ತೆ ಕೊಚ್ಚಿದ್ದು ಮ್ಯಾಲಿಂದ ಕಾಣಂಗಿಲ್ಲ. ಯಾರರ ಮುಳಗಾಕತ್ರ ತಾನು ಜಿಗೀಬಾರ್ದು. ಸೀರಿ, ಹಗ್ಗ, ಖಾಲಿ ಕ್ಯಾನು, ಟ್ರ್ಯಾಕ್ಟರ್ ಟ್ಯೂಬು, ಏನ ಸಿಕ್ರೂ ಒಗೀಬೇಕು. ಬಾಂವಿ, ಕೃಷಿ ಹೊಂಡದಾಗ ಒಬ್ಬನ್ನ ಉಳಸಾಕ ಹೋಗಿ ಇಬ್ರು ಮುಳಗೂದು ಹಿಂಗ.

ಹೊಳಿದಂಡಿ ಮಾಸ್ತರ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಡಬ್ಬಿ ಹೊಸಾದು ತುಂಬಿಸಿ ಆಫೀಸ್ ಬಾಗಲ ಹಿಂದ ಮೊಳಿಗೆ ಹಾಕ್ಸೀನಿ, ಕೀಲಿ ಇಲ್ಲ, ಏಳನೇ ಕ್ಲಾಸಿನ ಇಬ್ರು ತಿಂಗಳಿಗೊಮ್ಮೆ ಡೇಟ್ ನೋಡ್ತಾರ. ಈ ಶನಿವಾರ ಫೋನ್ ಆಟ ಮತ್ತ ಸುಟ್ಟ ಗಾಯ, ಮುಂದಿನ ವಾರ ಹಾವು. ಗ್ವಾಡಿ ಗೆರಿಗೆ ಬಣ್ಣ ತಂದೀನಿ, ಕಾಕಾ. ಸುಟ್ಟ ಗಾಯದ ಪಾಠ ಆ ಹುಡುಗಿಗೇ ಹೇಳಾಕ ಹೇಳೀನಿ. ಮೊದ್ಲ ಒಲ್ಲೆ ಅಂದ್ಲು, ನಿನ್ನೆ ಸಾಲಿ ಬಿಟ್ಟ ಮ್ಯಾಲೆ ತಾನ ಬಂದು "ಸರ, ನಳದ ಹತ್ರನ ನಿಂತು ಹೇಳ್ಲೇನ್ರಿ?" ಅಂತ ಕೇಳಿದ್ಲು.